ಕಂಪ್ಲಿಯ ಕಂಬವಿಲ್ಲದ ಚಾವಣಿ

ಕಂಪ್ಲಿಯ ದವಾಖಾನೆಯ ಮುಂದಿನ ಚಾವಣಿ ಬಾಗಿದ್ದು ನನ್ನ ತಮ್ಮನ ಲೆಕ್ಕ ತಪ್ಪಿದ್ದರಿಂದಲ್ಲ. ಈ ಮಾತನ್ನು ನಾನು ಅವತ್ತೇ, ಆ ಚಾವಣಿಯ ಕೆಳಗೇ ನಿಂತು, ಅಲ್ಲಿ ಸೇರಿದ್ದವರ ಎದುರು ಹೇಳಬೇಕಿತ್ತು. ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬರೆದದ್ದನ್ನು ಮಗಳು ತಿದ್ದಿಕೊಟ್ಟಿದ್ದಾಳೆ. ತಿದ್ದುವಾಗ ಅವಳು ಒಂದೆರಡು ಸಲ ನನ್ನ ಮುಖ ನೋಡಿದಳು.

ನಮ್ಮದು ಹೊಸಪೇಟೆ. ಅಪ್ಪ ಗೌಂಡಿ, ನಾನೂ ಗೌಂಡಿ. ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅವನಿಗೆ ಓದು ಹತ್ತಿತು. ಅಪ್ಪ ಕಟ್ಟುತ್ತಿದ್ದ ಗೋಡೆಗಳ ಹತ್ತಿರ ಕೂತು ಇಟ್ಟಿಗೆ ಚೂರಿನಿಂದ ನೆಲದ ಮೇಲೆ ಮನೆ ಬರೆಯುತ್ತಿದ್ದವನು, ಬರೆಯುತ್ತಾ ಬರೆಯುತ್ತಾ ಬೆಂಗಳೂರಿಗೆ ಹೋದ, ಅಲ್ಲಿಂದ ಅಹಮದಾಬಾದಿಗೆ ಹೋದ. ಅಲ್ಲಿ ಒಬ್ಬ ಹಿರಿಯ ಆರ್ಕಿಟೆಕ್ಟರ ಕೈಕೆಳಗೆ ಏಳು ವರ್ಷ ಇದ್ದ. ಅವರು ಕಟ್ಟಿದ ಕಟ್ಟಡಗಳ ಫೋಟೋ ತಂದು ತೋರಿಸಿದಾಗ ನನಗೆ ಹಿಡಿಸಲಿಲ್ಲ. ಮೇಲೆ ಸಿಮೆಂಟು ಸವರಿದ ಗಿಲಾವು ಇಲ್ಲ, ಬಣ್ಣ ಇಲ್ಲ. ಕಾಂಕ್ರೀಟಿನ ಮೇಲೆ ಹಲಗೆಯ ಗೀರುಗಳು ಹಾಗೇ ಕಾಣುತ್ತಿದ್ದವು.

"ಇದೇನಲೇ, ಕೆಲಸ ಅರ್ಧಕ್ಕ ಬಿಟ್ಟು ಓಡಿಹೋಗ್ಯಾರ?" ಎಂದೆ.

"ಮುಗದೈತಣ್ಣಾ. ಹಿಂಗ ಇರ್ತೈತಿ ಅದು."

"ನಮ್ಮ ಊರಾಗ ಹಿಂಗ ಮುಗಿಸಿದ್ರ ಮಾಲೀಕ ಚಪ್ಪಲಿ ತಗೊಂಡು ಬರ್ತಾನ."

ಅವನು ಬಿದ್ದು ಬಿದ್ದು ನಕ್ಕ. ಆ ಕಾಲದಲ್ಲಿ ಅವನು ಬಹಳ ನಗುತ್ತಿದ್ದ.

ಅಪ್ಪನಿಗೆ ಪಾರ್ಶ್ವವಾಯು ಹೊಡೆದಾಗ ಅವನು ಎಲ್ಲಾ ಬಿಟ್ಟು ಊರಿಗೆ ಬಂದ. ಅದು ಅದಿರಿನ ಕಾಲ ಶುರುವಾದ ಹೊತ್ತು. ಸಂಡೂರಿನ ಗುಡ್ಡಗಳಿಂದ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದವು. ಗಾದಿಗನೂರಿನ ಕಡೆಯ ಮರಗಳು, ಕೋಳಿಗಳು, ಒಣಹಾಕಿದ ಬಟ್ಟೆಗಳು ಎಲ್ಲಾ ಅದಿರಿನ ಧೂಳಿಗೆ ಒಂದೇ ಕೆಂಪು. ಊರು ಬದಲಾಗುತ್ತಿದೆ, ಕಟ್ಟಿಸುವವರು ಬೇಕಾದಷ್ಟು ಜನ ಬರುತ್ತಾರೆ, ಒಳ್ಳೆಯ ಕಟ್ಟಡ ಕಟ್ಟಬಹುದು ಎಂದುಕೊಂಡು ಅವನು ಒಂದು ಮಹಡಿಯ ಕೋಣೆ ಹಿಡಿದು ಆಫೀಸು ತೆರೆದ.

ಕಟ್ಟಿಸುವವರು ಬಂದರು. ಆದರೆ ಅವರಿಗೆ ಬೇಕಾಗಿದ್ದು ಬೇರೆ. ಒಬ್ಬರು ಮನೆ ಮುಂದೆ ಹದಿನಾರು ಗ್ರೀಕ್ ಕಂಬ ಕೇಳಿದರು. ಒಬ್ಬರು ಗೇಟಿನ ಮೇಲೆ ಹಂಪಿಯ ಕಲ್ಲಿನ ರಥವನ್ನು ಸಿಮೆಂಟಿನಲ್ಲಿ ಮಾಡಿ ಬಂಗಾರದ ಬಣ್ಣ ಹೊಡೆಸಿ ಎಂದರು. ಸಂಡೂರಿನ ದಾರಿಯಲ್ಲಿ ಮನೆ ಕಟ್ಟಿಸಿದ ಒಬ್ಬರಂತೂ ನೀರಿನ ಟ್ಯಾಂಕೇ ಲಾರಿಯ ಹಾಗೆ ಇರಬೇಕು ಎಂದು ಹಟ ಹಿಡಿದರು.

"ಲಾರಿಯಿಂದ ಮ್ಯಾಲೆ ಬಂದಾವ ನಾನು, ಅದನ್ನ ತಲಿ ಮ್ಯಾಗ ಇಟ್ಕೊಬೇಕಲ್ರೀ ಸರ? ನಂಬರ್ ಪ್ಲೇಟ್ ಸೈತ ಬರೀರಿ" ಎಂದರು.

ತಮ್ಮ ಬರೆದ. ನಾನು ಕಟ್ಟಿದೆ. ಆ ಟ್ಯಾಂಕು ಚೆನ್ನಾಗಿಯೇ ಬಂತು, ಜನ ನಿಂತು ನೋಡುತ್ತಿದ್ದರು. ತಮ್ಮ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನನಗಿದ್ದದ್ದು ಕಟ್ಟುವ ಖುಷಿ. ಅವನ ಸಂಕಟ ನನಗೆ ಆಗ ತಿಳಿಯಲಿಲ್ಲ.

ಭಾನುವಾರ ಅವನು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಂಪಿಗೆ ಹೋಗುತ್ತಿದ್ದ. ದೇವರಿಗಾಗಿ ಅಲ್ಲ. ಮಂಟಪಗಳಲ್ಲಿ ಕೂತು ಮೇಲೆ ನೋಡುವುದು ಅವನ ಕೆಲಸ. ಒಂದು ಸಲ ಕೇಳಿದ, "ಅಣ್ಣಾ, ಇಷ್ಟೊಂದು ಕಂಬ ಯಾಕದಾವು ಹೇಳು?"

"ರಾಜರ ಕಾಲ. ಕಲ್ಲಿಗೇನು ಬರ? ನಿಲ್ಲಿಸಿದ್ರು."

"ಅಲ್ಲ. ಕಲ್ಲು ಎಷ್ಟು ಭಾರ ಬೇಕಾದ್ರೂ ಹೊರ್ತೈತಿ, ಎಳದ್ರ ಮಾತ್ರ ಪಟಕ್ಕಂತ ಮುರೀತೈತಿ. ಅದಕ್ಕ ನಾಕು ಹೆಜ್ಜಿಗೊಂದು ಕಂಬ. ಅವರಿಗೆ ಎಳತ ತಡಿಯೋದು ಗೊತ್ತಿರ್ಲಿಲ್ಲ ಅಂತಲ್ಲ, ಅವರ ಕೈಯಾಗ ಕಬ್ಬಿಣದ ಸರಳು ಇರ್ಲಿಲ್ಲ. ನಮ್ಮ ಕೈಯಾಗ ಐತಿ. ನಾವು ಕಂಬ ಇಲ್ಲದ ನೆರಳು ಮಾಡಬಹುದು."

ಕಂಬ ಇಲ್ಲದ ನೆರಳು ಮಾಡುವ ಅವಕಾಶ ಅವನಿಗೆ ನಾಲ್ಕು ವರ್ಷದ ಮೇಲೆ ಸಿಕ್ಕಿತು. ಕಂಪ್ಲಿಯ ಒಬ್ಬ ಅಕ್ಕಿ ಗಿರಣಿಯ ಸಾವ್ಕಾರರು ತಾಯಿಯ ನೆನಪಿಗೆ ಒಂದು ದವಾಖಾನೆ ಕಟ್ಟಿಸಲು ಬಂದರು. ಸಾದಾ ಮನುಷ್ಯರು. ಎಮ್ಮಿಗನೂರು, ಮೆಟ್ರಿ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬಸುರಿಯರನ್ನು ಕರೆದುಕೊಂಡು ಬರುತ್ತಾರೆ, ಬಿಸಿಲಲ್ಲಿ ಇಳಿಸುತ್ತಾರೆ, ಅದಕ್ಕೆ ಏನಾದರೂ ಮಾಡಿ ಎಂದರು. ತಮ್ಮ ಬರೆದದ್ದು ಇದು: ದವಾಖಾನೆಯ ಗೋಡೆಯಿಂದ ಹತ್ತು ಅಡಿ ಮುಂದಕ್ಕೆ ಚಾಚಿದ ಒಂದು ಚಾವಣಿ, ಕೆಳಗೆ ಒಂದೂ ಕಂಬವಿಲ್ಲ, ಟ್ರ್ಯಾಕ್ಟರು ಟ್ರೇಲರ್ ಸಮೇತ ನೆರಳಿಗೆ ಬಂದು ನಿಲ್ಲಬೇಕು. ಗೋಡೆಯ ಹತ್ತಿರ ಒಂದು ಗೇಣು ದಪ್ಪ, ತುದಿಗೆ ಬರುವಷ್ಟರಲ್ಲಿ ನಾಲ್ಕು ಬೆರಳು. ಗಿಲಾವು ಇಲ್ಲ.

ಸಾವ್ಕಾರರು ಚಿತ್ರ ನೋಡಿ ತಲೆ ಕೆರೆದುಕೊಂಡರು. "ನಿಲ್ತೈತೇನ್ರೀ ಇದು? ನಮ್ಮವ್ವನ ಹೆಸರಿನ್ಯಾಗ ಐತಿ ನೋಡ್ರಿ."

"ನಿಲ್ತೈತಿ ಸಾವ್ಕಾರ್ರೇ. ನಿಲ್ಲಲಿಲ್ಲಂದ್ರ ನಾನು ಈ ಕೆಲಸಾನೇ ಬಿಡ್ತೀನಿ" ಎಂದ ತಮ್ಮ. ಹುಡುಗಾಟದ ಮಾತಲ್ಲ ಅದು. ಆ ಒಂದು ಕಟ್ಟಡ ನಿಂತರೆ ಅದನ್ನು ತೋರಿಸಿ ಇನ್ನೊಂದು ಕೇಳಬಹುದು, ಗ್ರೀಕ್ ಕಂಬ ಬರೆಯುವುದನ್ನು ಬಿಡಬಹುದು ಎಂಬುದಿತ್ತು ಅವನ ಮನಸ್ಸಿನಲ್ಲಿ. ನನಗೂ ಹೇಳಿದ್ದ.

ನನಗೆ ಡ್ರಾಯಿಂಗ್ ಓದಲು ಬರುತ್ತಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಒಂದು ದಿನವೂ ಅದನ್ನು ಬಾಯಿ ಬಿಟ್ಟು ಹೇಳಿದವನಲ್ಲ. ಸೈಟಿನಲ್ಲಿ ಎಲ್ಲರ ಎದುರು, "ಅಣ್ಣಾ, ಕೈ ಚಾಚು" ಎಂದ. ಚಾಚಿದೆ. ಅಂಗೈ ಮೇಲೆ ಒಂದು ಇಟ್ಟಿಗೆ ಇಟ್ಟ. ಇನ್ನೊಂದು ಇಟ್ಟ.

"ಎಲ್ಲಿ ನೋಯ್ತೈತಿ?"

"ಭುಜದ ಮ್ಯಾಗ."

"ಕಂಕುಳಾಗ ಅಲ್ಲ?"

"ಅಲ್ಲಲೇ, ಮ್ಯಾಗ. ಇಳಿಸು ಮೊದಲು."

"ಹಂಗಾದ್ರ ಎಳತ ಅಲ್ಲಿ ಐತಿ, ಸರಳೂ ಅಲ್ಲೇ ಬೇಕು. ಮ್ಯಾಗ. ಮಾಮೂಲಿ ಸ್ಲ್ಯಾಬಿನ ಹಂಗ ಕೆಳಗ ಅಲ್ಲ. ಮ್ಯಾಗಿನ ಸರಳು ಕೆಳಗ ಜಾರಿದ್ರ ಈ ಚಾವಣಿ ಬರೇ ಕಲ್ಲು."

ಅಲ್ಲಿದ್ದ ಹೆಣ್ಣಾಳೊಬ್ಬಳು, "ಮೇಸ್ತ್ರಿಗೆ ವಯಸ್ಸಾಗೈತಿ ಸರ, ಎರಡು ಇಟ್ಟಂಗಿಗೇ ನಡುಗ್ತಾನ, ಚಾವಣಿಗಿ ಬ್ಯಾರೆ ಆಳು ನೋಡ್ರಿ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸರಳು ಮೇಲೇ ಇರಬೇಕೆಂಬುದು ನನಗೆ ತಿಳಿದಿರಲಿಲ್ಲ ಎಂದು ಯಾರೂ ಅಂದುಕೊಳ್ಳಬೇಡಿ. ನನಗೆ ಚೆನ್ನಾಗಿ ತಿಳಿದಿತ್ತು.

ಮೇಲಿನ ಸರಳು ಮೇಲೇ ನಿಲ್ಲಬೇಕಾದರೆ ಅದರ ಕೆಳಗೆ ಸಣ್ಣ ಸರಳಿನ ತುಂಡುಗಳನ್ನು ಬಗ್ಗಿಸಿ ಕಾಲು ಮಾಡಿ ಕೊಡಬೇಕು. ಅದಕ್ಕೆ ನಾವು ಕುರ್ಚಿ ಎನ್ನುತ್ತೇವೆ. ಕೂರುವ ಕುರ್ಚಿಯಲ್ಲ, ಸರಳು ಕೂರುವ ಕುರ್ಚಿ. ಕಿಟಕಿಯ ಮೇಲಿನ ಎರಡಡಿಯ ಸಜ್ಜಕ್ಕೆ ನಮ್ಮ ಕಡೆ ಯಾರೂ ಕುರ್ಚಿ ಹಾಕುವುದಿಲ್ಲ. ಕಾಂಕ್ರೀಟು ಸುರಿಯುವಾಗ ಒಬ್ಬ ಕೊಕ್ಕೆ ಹಿಡಿದು ನಿಲ್ಲುತ್ತಾನೆ, ಸರಳನ್ನು ಕೊಕ್ಕೆಯಿಂದ ಮೇಲಕ್ಕೆ ಎತ್ತುತ್ತಾ ಹೋಗುತ್ತಾನೆ, ಅಷ್ಟೇ. ಅಪ್ಪ ಹಾಗೇ ಮಾಡುತ್ತಿದ್ದ. ನಾನು ಸಾವಿರ ಸಜ್ಜ ಹಾಗೇ ಹಾಕಿದ್ದೇನೆ. ಒಂದೂ ಬಿದ್ದಿಲ್ಲ.

ಸರಳು ಕಟ್ಟುವ ಕೆಲಸದವರು ಎಲ್ಲಾ ಕಟ್ಟಿ, ಕುರ್ಚಿ ಮಾತ್ರ ಬಾಕಿ ಇಟ್ಟು, ಒಂದು ದಿನ ಬರಲೇ ಇಲ್ಲ. ವಿಚಾರಿಸಿದರೆ ಸಂಡೂರಿನ ಕಡೆ ಹೊಲಗಳಲ್ಲಿ ಅದಿರು ಆರಿಸಲು ಹೋಗಿದ್ದರು. ಆಗ ಹಾಗೇ ಇತ್ತು, ನಿನ್ನೆ ಇದ್ದ ಆಳು ಇವತ್ತು ಗುಡ್ಡದಲ್ಲಿ. ಕಾಂಕ್ರೀಟು ಕಲೆಸುವ ಮಿಲ್ಲರಿಗೆ ಮೂರು ವಾರ ಕಾದು ಅದೇ ಒಂದು ದಿನ ಸಿಕ್ಕಿತ್ತು. ಮರುದಿನ ಅದು ಬೇರೆ ಕಡೆ ಹೋಗಬೇಕು. ಹೆಣ್ಣಾಳು ಗಂಡಾಳು ಸೇರಿ ಮೂವತ್ತು ಜನ ಬಂದು ನಿಂತಿದ್ದರು. ಸಾವ್ಕಾರರ ಮನೆಯಿಂದ ಸ್ಲ್ಯಾಬಿನ ದಿನದ ಊಟ, ಹೋಳಿಗೆ, ಅನ್ನ, ಸಾರು, ದೊಡ್ಡ ಪಾತ್ರೆಗಳಲ್ಲಿ ಆಗಲೇ ಬರುತ್ತಿತ್ತು.

ತಮ್ಮ ಬೆಳಗ್ಗೆಯೇ ಬೇರೆ ಕೆಲಸಕ್ಕೆ ಸಂಡೂರಿಗೆ ಹೋಗಿದ್ದ. ವಾಪಸ್ಸು ಬರುವಾಗ ಲಾರಿಗಳ ಜಾಮಿನಲ್ಲಿ ಸಿಕ್ಕಿಕೊಂಡ. ಬೈಕು ಕೂಡ ನುಸುಳದಂಥ ಜಾಮು ಅದು. ಹತ್ತು ಗಂಟೆಗೆ ಫೋನು ಮಾಡಿದ.

"ಅಣ್ಣಾ, ನಾ ಬರೋತನ ಶುರು ಮಾಡಬ್ಯಾಡ. ಕುರ್ಚಿ ನೋಡಿ ಆಮ್ಯಾಲೆ ಹಾಕೋಣ."

"ಆತು" ಎಂದೆ.

ಹನ್ನೊಂದಾಯಿತು. ಜನ ಬೀಡಿ ಸೇದಿ ಮುಗಿಸಿದರು. ಮಿಲ್ಲರಿನವನು ಬಂದು, "ಮೇಸ್ತ್ರೀ, ಏನು ಮುಹೂರ್ತಕ್ಕ ಕಾಯಾಕತ್ತೀರೇನು?" ಎಂದ. ಸಾವ್ಕಾರರು ಗಡಿಯಾರ ನೋಡಿಕೊಂಡರು. ಮೂವತ್ತು ವರ್ಷ ಕೆಲಸ ಮಾಡಿದ ಮೇಸ್ತ್ರಿ, ಚಿಕ್ಕ ತಮ್ಮನ ಅಪ್ಪಣೆಗಾಗಿ ಕೈ ಕಟ್ಟಿ ನಿಂತಿದ್ದೇನೆ ಎಂದು ಎಲ್ಲರಿಗೂ ಕಾಣುತ್ತಿದೆ ಅನ್ನಿಸಿತು. ಕುರ್ಚಿ ಬಗ್ಗಿಸುವ ಬದಲು, ಸಜ್ಜಕ್ಕೆ ಮಾಡುವ ಹಾಗೆ, ಕೊಕ್ಕೆ ತರಿಸಿದೆ. ಸರಳಿನ ಕೆಳಗೆ ಅಲ್ಲಲ್ಲಿ ಇಟ್ಟಿಗೆಯ ತುಂಡು ಕೊಟ್ಟೆ. ತೆಂಗಿನಕಾಯಿ ಒಡೆದು ಶುರು ಮಾಡಿಸಿದೆ.

ಎರಡಡಿ ಸಜ್ಜದ ಮೇಲೆ ಯಾರೂ ನಡೆಯುವುದಿಲ್ಲ. ಇದು ಹತ್ತಡಿ. ಬುಟ್ಟಿ ಹೊತ್ತ ಜನ ಸರಳಿನ ಮೇಲೇ ನಡೆದು ಹೋಗಿ ಸುರಿದು ಬರಬೇಕು. ಇಟ್ಟಿಗೆ ತುಂಡುಗಳು ಒಂದೊಂದಾಗಿ ಮಗುಚಿದವು. ನಾನು ಕೊಕ್ಕೆ ಹಾಕಿ ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ಕೆಳಗೆ ಹೋಗುತ್ತಿತ್ತು. ಅವತ್ತು ಇಟ್ಟಿಗೆ ನೋಡಿ ತಮಾಷೆ ಮಾಡಿದ್ದ ಹೆಣ್ಣಾಳೇ, "ಯಣ್ಣಾ, ಮುಂಜಾನಿ ಸರಳು ಪಾದಕ್ಕ ಚುಚ್ಚತಿದ್ವು, ಈಗ ಕಾಲಿಗೇ ಸಿಗವಲ್ವು, ಎಲ್ಲಿ ಹೋದ್ವು?" ಎಂದಳು.

"ನೀ ಬುಟ್ಟಿ ತಗೊಂಡು ಬಾ" ಎಂದೆ.

ಆಗ ನಿಲ್ಲಿಸಬಹುದಿತ್ತು. ಹಸಿ ಕಾಂಕ್ರೀಟನ್ನು ಎಳೆದು ತೆಗೆದು, ಬೈಸಿಕೊಂಡು, ಇನ್ನೊಂದು ದಿನ ಹಾಕಬಹುದಿತ್ತು. ಮಿಲ್ಲರು ತಿರುಗುತ್ತಲೇ ಇತ್ತು, ಬುಟ್ಟಿಗಳು ಬರುತ್ತಲೇ ಇದ್ದವು. ಸರಳುಗಳು ಮುಚ್ಚಿಹೋದವು.

ತಮ್ಮ ಬಂದಾಗ ನಾವು ಮೇಲ್ಮೈ ಸಪಾಟು ಮಾಡುತ್ತಿದ್ದೆವು. ಏಣಿ ಹತ್ತಿ ಬಂದ. ಮೈಯೆಲ್ಲಾ ಕೆಂಪು ಧೂಳು, ಹಲ್ಲು ಮಾತ್ರ ಬೆಳ್ಳಗೆ. ಶುರು ಮಾಡಿದ್ದಕ್ಕೆ ಅವನ ಮುಖ ಒಂದು ಕ್ಷಣ ಬಿಗಿಯಿತು. "ಕುರ್ಚಿ?" ಎಂದ.

"ಹಾಕಿಸಿದೆ. ನಾನೇ ಬಗ್ಗಿಸಿದೆ."

ಅವನ ಮುಖ ಸಡಿಲವಾಯಿತು. "ನೀ ಇರೋತನ ನನಗ್ಯಾಕ ಚಿಂತಿ" ಎಂದ. ಕೆಳಗಿಳಿದು ಜನರ ಸಾಲಿನಲ್ಲಿ ಕೂತು ಹೋಳಿಗೆ ಉಂಡ.

ಮೇಲೆ ಸಣ್ಣ ಸಣ್ಣ ಬದು ಕಟ್ಟಿ, ಭತ್ತದ ಮಡಿಗೆ ನೀರು ನಿಲ್ಲಿಸಿದ ಹಾಗೆ ನೀರು ನಿಲ್ಲಿಸಿದೆವು. ಇಪ್ಪತ್ತೆಂಟು ದಿನ ನಾನು ಬೇರೆ ಯಾರಿಗೂ ಬಿಡದೆ ನೀರು ಹಾಕಿದೆ. ಸಾವ್ಕಾರರು ಮೆಚ್ಚಿಕೊಂಡರು. ಗಟ್ಟಿಯಾಗಲಿ, ಹೇಗಾದರೂ ಗಟ್ಟಿಯಾಗಲಿ ಎಂದು ಬೇಡಿಕೊಳ್ಳುತ್ತಾ ನೀರು ಹಾಕುತ್ತಿದ್ದೆ. ಬೇಡಿಕೊಂಡರೆ ಸರಳು ಮೇಲೆ ಬರುವುದಿಲ್ಲ ಎಂಬುದೂ ಗೊತ್ತಿತ್ತು.

ಕೆಳಗೆ ಆಸರೆಗೆ ಕೊಟ್ಟ ಸೆಂಟ್ರಿಂಗ್ ಬಿಚ್ಚುವ ದಿನ ಸಾವ್ಕಾರರ ಬಳಗ ಬಂದಿತ್ತು. ತುದಿಯಿಂದ ಒಂದೊಂದೇ ಊರುಗೋಲು ತೆಗೆಯುತ್ತಾ ಗೋಡೆಯ ಕಡೆ ಬಂದೆವು. ಕೊನೆಯ ಸಾಲಿಗೆ ಕೈ ಹಚ್ಚಿದಾಗ ಮೇಲಿನಿಂದ ಒಂದು ಸದ್ದು ಬಂತು, ಒಣಗಿದ ಕಬ್ಬು ಮುರಿದ ಹಾಗೆ. ತುದಿ ನಮ್ಮ ಕಣ್ಣೆದುರೇ ಒಂದು ಗೇಣು ಕೆಳಗೆ ಬಂತು. ಜನ ಕೂಗುತ್ತಾ ಹಿಂದೆ ಓಡಿದರು. ನಾನು, ಇನ್ನಿಬ್ಬರು ಊರುಗೋಲುಗಳನ್ನು ಮತ್ತೆ ಕೊಟ್ಟೆವು. ತಮ್ಮ ಏಣಿ ಹತ್ತಿ ನೋಡಿದ. ಗೋಡೆಯ ಉದ್ದಕ್ಕೂ, ಮೇಲುಗಡೆ, ಬೆರಳು ಹೋಗುವಷ್ಟು ಬಿರುಕು.

ಅವನು ಇಳಿದು ನೇರವಾಗಿ ನನ್ನ ಹತ್ತಿರ ಬಂದ. ಸಾವ್ಕಾರರು ಪಕ್ಕದಲ್ಲೇ ಇದ್ದರು.

"ಅಣ್ಣಾ, ಸರಳು ಮ್ಯಾಗೇ ಇದ್ವಲ್ಲ?"

ಅವನ ದನಿಯಲ್ಲಿ ಆರೋಪ ಇರಲಿಲ್ಲ. ಇದ್ದಿದ್ದರೆ ನಾನು ಜಗಳವಾಡುತ್ತಾ ನಿಜ ಹೇಳಿಬಿಡುತ್ತಿದ್ದೆನೋ ಏನೋ. ನಾನು ಏನು ಹೇಳಿದರೂ ಅದನ್ನೇ ನಂಬಲು ಸಿದ್ಧನಾಗಿ ಕೇಳಿದ.

"ಇದ್ವು" ಎಂದೆ.

ಹೆದರಿಕೆಯಿಂದ ಹೇಳಿದೆ ಎಂದರೆ ಅರ್ಧ ನಿಜ. ಇನ್ನರ್ಧ ಹೇಳಲು ನಾಚಿಕೆಯಾಗುತ್ತದೆ. ಎಲ್ಲರೂ ಸರ ಸರ ಎನ್ನುತ್ತಿದ್ದವನ ಲೆಕ್ಕ ತಪ್ಪಿತು, ಮೂರನೇ ಕ್ಲಾಸಿನವನ ಕೈ ತಪ್ಪಲಿಲ್ಲ ಎಂದು ಆ ಜನ ತಿಳಿದುಕೊಂಡ ಆ ಗಳಿಗೆಯಲ್ಲಿ ನನ್ನೊಳಗೆ ಎಲ್ಲೋ ತಣ್ಣಗಾಯಿತು. ಒಂದು ಗಳಿಗೆ ಅಷ್ಟೇ. ಆದರೆ ಆಯಿತು.

"ಹಂಗಾದ್ರ ನನ್ನದೇ" ಎಂದ ತಮ್ಮ. ಸಾವ್ಕಾರರ ಕಡೆ ತಿರುಗಿ ಕೈ ಮುಗಿದ. "ತಪ್ಪು ನಂದೇರೀ. ಒಡಸ್ರಿ."

ಸಾವ್ಕಾರರು ಬೈಯಲಿಲ್ಲ. "ನಿಮ್ಮಣ್ಣನ್ನ ಒಂದು ಮಾತು ಕೇಳಿದ್ರ ಅವ ಅವತ್ತೇ ಕಂಬ ಕೊಡ್ರಿ ಅಂತಿದ್ದ. ಓದಿದವರು ಕೇಳಂಗಿಲ್ಲ" ಎಂದರು.

ಒಡೆಯುವ ಕೆಲಸವನ್ನು ನಾನೇ ಕೇಳಿ ಪಡೆದೆ. "ನೀ ಬರಬ್ಯಾಡ, ನಿನಗ ನೋಡಾಕ ಆಗಂಗಿಲ್ಲ" ಎಂದು ತಮ್ಮನಿಗೆ ಹೇಳಿದೆ. ಊರಿನವರು, ಅಣ್ಣ ಅಂದರೆ ಹಿಂಗಿರಬೇಕು ಎಂದರು. ಸುತ್ತಿಗೆ ಹಾಕಿದಂತೆ ಸರಳುಗಳು ಬಯಲಾದವು. ಹಲಗೆಗೆ ತಾಗಿಕೊಂಡು ತಳದಲ್ಲಿ, ಸಾಲಾಗಿ, ಮಲಗಿಸಿದ ಹಾಗೆ ಇದ್ದವು. ಮೇಲೆ ಒಂದೂ ಇರಲಿಲ್ಲ. ಎರಡೇ ದಿನದಲ್ಲಿ ಎಲ್ಲಾ ಚೂರು ಮಾಡಿಸಿ, ಟ್ರ್ಯಾಕ್ಟರಿನಲ್ಲಿ ತುಂಬಿಸಿ, ಕಾಲುವೆಯ ಪಕ್ಕದ ತಗ್ಗಿಗೆ ಹಾಕಿಸಿದೆ. ಸರಳುಗಳನ್ನು ನೆಟ್ಟಗೆ ಮಾಡಿಸಿ ಗುಜರಿಗೆ ಕಳಿಸಿದೆ. ಆ ಜಾಗದಲ್ಲಿ ಆರು ಕಂಬದ ಚಾವಣಿ ಕಟ್ಟಿದೆ. ಟ್ರ್ಯಾಕ್ಟರು ಅದರ ಕೆಳಗೆ ಬರುವುದಿಲ್ಲ. ಬಸುರಿಯರು ಈಗಲೂ ಬಿಸಿಲಲ್ಲೇ ಇಳಿಯುತ್ತಾರೆ.

ತಮ್ಮ ಆ ಲೆಕ್ಕವನ್ನು ಮತ್ತೆ ಮಾಡಿದ. ಹಾಳೆ ಮೇಲೆ ಹಾಳೆ. ಅಹಮದಾಬಾದಿನ ಹಿರಿಯರಿಗೂ ಕಳಿಸಿದ. ಲೆಕ್ಕ ಸರಿಯಾಗಿದೆ, ಕಟ್ಟುವಾಗ ಏನೋ ಆಗಿದೆ ಎಂದು ಅವರು ಉತ್ತರ ಬರೆದರು. ಆ ಕಾಗದವನ್ನು ಅವನು ನನಗೆ ಓದಿ ಹೇಳಿದ. "ಅವರಿಗೆ ನಿನ್ನ ಕೈ ಗೊತ್ತಿಲ್ಲ, ಅದಕ್ಕ ಹಂಗ ಬರದಾರ" ಎಂದು ಮಡಿಚಿಟ್ಟ. ನಾನು ಚಹಾ ಕುಡಿಯುತ್ತಾ ಕೂತಿದ್ದೆ. ಲೋಟ ಖಾಲಿಯಾದ ಮೇಲೂ ಕುಡಿಯುತ್ತಿದ್ದೆ.

ಲೆಕ್ಕ ಸರಿ ಬಂದಷ್ಟೂ ಅವನಿಗೆ ತನ್ನ ಮೇಲಿನ ನಂಬಿಕೆ ಹೋಯಿತು. ತಪ್ಪು ಸಿಕ್ಕಿದ್ದರೆ ತಿದ್ದಿಕೊಂಡು ಮುಂದೆ ಹೋಗುತ್ತಿದ್ದ. ಎಲ್ಲಿ ತಪ್ಪಿದೆ ಎಂದು ಕಾಣದಿದ್ದರೆ ಎಲ್ಲಾ ಕಡೆಯೂ ತಪ್ಪಿರಬಹುದಲ್ಲ. ಆಮೇಲಿನ ಅವನ ಮನೆಗಳು ದಪ್ಪವಾದವು. ಒಂದು ಸರಳು ಸಾಕಾದಲ್ಲಿ ಎರಡು ಬರೆದ. ಹಂಪಿಗೆ ಹೋಗುವುದು ನಿಂತಿತು. ಗ್ರೀಕ್ ಕಂಬ ಕೇಳಿದವರಿಗೆ ಗ್ರೀಕ್ ಕಂಬ ಕೊಟ್ಟ, ಹದಿನಾರು ಕೇಳಿದರೆ ಇಪ್ಪತ್ತು ಕೊಟ್ಟ.

ಆಮೇಲೆ ಗಣಿಗಳು ನಿಂತವು. ಲಾರಿಗಳು ರಸ್ತೆ ಬದಿ ತುಕ್ಕು ಹಿಡಿದವು. ಅರ್ಧ ಕಟ್ಟಿದ ಮನೆಗಳು ಅರ್ಧಕ್ಕೇ ನಿಂತವು. ತಮ್ಮ ಈಗ ಅದೇ ಮಹಡಿಯ ಕೋಣೆಯಲ್ಲಿ ಲೈಸೆನ್ಸಿಗೆ ಬೇಕಾದ ನಕ್ಷೆ ಬರೆಯುತ್ತಾನೆ. ಮೂವತ್ತು ನಲವತ್ತರ ಸೈಟು, ಒಂದು ಹಾಲು, ಎರಡು ಕೋಣೆ. ಎಲ್ಲರಿಗೂ ಒಂದೇ ನಕ್ಷೆ. ಮೇಲಿನ ಹೆಸರು ಮಾತ್ರ ಬೇರೆ.

ಕಳೆದ ವರ್ಷ ಒಂದು ಮಧ್ಯಾಹ್ನ ಹೋಗಿ ಹೇಳಿದೆ. ಎಲ್ಲಾ ಹೇಳಿದೆ. ಕೊಕ್ಕೆ, ಇಟ್ಟಿಗೆ ತುಂಡು, ಹೆಣ್ಣಾಳು ಹೇಳಿದ್ದು, ಒಡೆಯುವಾಗ ಕಂಡದ್ದು. ಅವನು ಪೆನ್ಸಿಲ್ ಕೆಳಗಿಟ್ಟು ಕೇಳಿದ. ಮುಗಿದ ಮೇಲೆ ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟ.

"ಸಾಕು ಬಿಡಣ್ಣಾ."

"ಖರೇ ಹೇಳಾಕತ್ತೀನಿ."

"ಸಣ್ಣಾವಿದ್ದಾಗ ನಾ ಒಡದ ಗಡಿಗಿಗೆ ನೀ ಹೊಡತ ತಿಂದಿ. ಈಗ ಇದೊಂದು. ಇಷ್ಟು ವರ್ಷ ಆದ್ಮ್ಯಾಲೆ ನನ್ನ ಸಮಾಧಾನ ಮಾಡಾಕ ಬಂದೀ?"

"ಸಮಾಧಾನ ಅಲ್ಲಲೇ. ಸರಳು ಕೆಳಗಿದ್ವು. ನನ್ನ ಕಣ್ಣಾರೆ ನೋಡೀನಿ."

"ಎಲ್ಲಿ ಅದಾವು ತೋರಿಸು."

ಏನು ತೋರಿಸಲಿ? ಗುಜರಿಗೆ ಹೋದ ಸರಳು ಯಾವ ಊರಿನ ಯಾವ ಮನೆಯೊಳಗೆ ಸೇರಿದೆಯೋ. ತಗ್ಗಿನ ಮೇಲೆ ರಸ್ತೆ ಆಗಿದೆ. ಆ ಹೆಣ್ಣಾಳು ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ. ಮಕ್ಕಳ ಮೇಲೆ ಆಣೆ ಇಟ್ಟೆ. ಅವನಿಗೆ ಸಿಟ್ಟು ಬಂತು. "ಆಣೀ ಗೀಣೀ ಇಡಬ್ಯಾಡ. ಅವತ್ತು ಎಲ್ಲರ ಮುಂದ ಇದ್ವು ಅಂದಿ. ಅದು ಖರೇ. ನನ್ನ ಮ್ಯಾಲಿನ ಪ್ರೀತಿಗೆ ಇವತ್ತು ಇಲ್ಲ ಅಂತೀ. ನೀ ನನಗ ಯಾವತ್ತೂ ಸುಳ್ಳು ಹೇಳಿದಾವಲ್ಲ, ಈಗ ಶುರು ಮಾಡಬ್ಯಾಡ."

ಕೆಳಗಿನ ಅಂಗಡಿಯಿಂದ ಚಹಾ ತರಿಸಿದ. ನಾನು ಕುಡಿದೆ. ಅವನು ಕೂತು ಮತ್ತೆ ಪೆನ್ಸಿಲ್ ಹಿಡಿದ. ಯಾರದೋ ಮನೆಯ ಬಾಗಿಲ ಮೇಲಿನ ನಾಲ್ಕಡಿಯ ಸಜ್ಜ ಬರೆಯುತ್ತಿದ್ದ. ಬರೆದು, ಸ್ವಲ್ಪ ಹೊತ್ತು ನೋಡಿ, ಅದರ ಎರಡು ಮೂಲೆಗೂ ಒಂದೊಂದು ಕಂಬ ಬರೆದ.

"ನಾಕು ಅಡಿಗೆ ಕಂಬ ಯಾಕಲೇ?" ಎಂದೆ.

"ಇರ್ಲಿ ಬಿಡಣ್ಣಾ" ಎಂದ.